ಕೆರೆಯನ್ನು ಕಟ್ಟುವುದು, ಕೆರೆಯನ್ನು ಕಾಯುವುದು: ಪರಿಸರದ ಇತಿಹಾಸಕ್ಕೆ ಆಕರಗಳಾಗಿ ಶಾಸನ ಮತ್ತು ಐತಿಹ್ಯ

ನಮ್ಮ ಕಾಲೇಜುಗಳಲ್ಲಿ ಬೋಧಿಸಲ್ಪಡುವ ಕರ್ಣಾಟಕದ ಇತಿಹಾಸದಲ್ಲಿ ನೆಲ, ನೀರು, ಕಾಡುಗಳ ಪ್ರಸ್ತಾಪ ಬರುವುದು ಸಾಮಾನ್ಯವಾಗಿ ಮೊದಲನೆಯ ಅಧ್ಯಾಯದಲ್ಲಿ ಮಾತ್ರ. ‘ಭೌಗೋಳಿಕ ಹಿನ್ನೆಲೆ’ ಎಂಬ ಆ ಅಧ್ಯಾಯ ಮುಗಿದೊಡನೆಯೇ ಅರಸರು ಪ್ರವೇಶಿಸುತ್ತಾರೆ. ಆ ಬಳಿಕ ಬೆಟ್ಟ ಹೊಳೆಗಳ ಮಾತು ರಾಜ್ಯದ ಎಲ್ಲೆಯನ್ನು ಹೇಳುವುದಕ್ಕೋ, ಸೈನ್ಯ ದಾಟಿದ ದಾರಿಯನ್ನು ಸೂಚಿಸುವುದಕ್ಕೋ ಅಷ್ಟೇ ಒದಗುತ್ತದೆ. ಪ್ರಕೃತಿಯೆಂಬುದು ನಾಟಕ ಆರಂಭವಾಗುವುದಕ್ಕೆ ಮೊದಲೇ ಕಟ್ಟಿದ ಪರದೆ, ಅದು ಬದಲಾಗುವುದಿಲ್ಲ ಎಂಬ ಭಾವನೆ ಇದರಿಂದ ವಿದ್ಯಾರ್ಥಿಗಳಲ್ಲಿ ಬೇರೂರುತ್ತದೆ. ಮಾನವನಿಗೂ ಪ್ರಕೃತಿಗೂ ಇರುವ ಸಂಬಂಧಕ್ಕೇ ಒಂದು ಇತಿಹಾಸವುಂಟೆಂಬ ವಿಚಾರವು ನಮ್ಮ ದೇಶದಲ್ಲಿ ವ್ಯವಸ್ಥಿತ ಅಧ್ಯಯನದ ವಿಷಯವಾದುದು ಈಚೆಗೆ. ಮಾಧವ ಗಾಡ್ಗೀಳ್ ಮತ್ತು ರಾಮಚಂದ್ರ ಗುಹಾ ಅವರು ೧೯೯೨ರಲ್ಲಿ ಪ್ರಕಟಿಸಿದ ಗ್ರಂಥವು ಈ ಮಾರ್ಗದಲ್ಲಿ ಒಂದು ಮುಖ್ಯ ಘಟ್ಟ. ಆದರೆ ಅದರಲ್ಲಿಯೂ, ಆ ಬಳಿಕದ ಹಲವು ಸಂಶೋಧನೆಗಳಲ್ಲಿಯೂ ಕಾಡಿಗೆ ದೊರೆತ ಪ್ರಾಧಾನ್ಯ ಬಯಲು ಸೀಮೆಗೆ ದೊರೆತಿಲ್ಲವೆಂದೇ ನನ್ನ ಅಭಿಪ್ರಾಯ.

ಬಯಲು ಸೀಮೆಯಲ್ಲಿ ಈ ಸಂಬಂಧವು ಅತ್ಯಂತ ಸ್ಪಷ್ಟವಾಗಿ ಕಾಣುವುದು ಕೆರೆಯಲ್ಲಿ. ಕೆರೆಯ ವಿಷಯವಾಗಿ ನಮ್ಮಲ್ಲಿ ಶಾಸನಗಳು ವಿಪುಲವಾಗಿವೆ. ಐತಿಹ್ಯಗಳೂ ಅಷ್ಟೇ ವಿಪುಲವಾಗಿವೆ. ಮೊದಲನೆಯವನ್ನು ಇತಿಹಾಸಕಾರರೂ ಎರಡನೆಯವನ್ನು ಜಾನಪದ ವಿದ್ವಾಂಸರೂ ಹಂಚಿಕೊಂಡು, ಒಬ್ಬರ ಹೊಲದೊಳಕ್ಕೆ ಇನ್ನೊಬ್ಬರು ಕಾಲಿಡದೆ ದುಡಿಯುತ್ತ ಬಂದಿದ್ದಾರೆ. ಇವೆರಡನ್ನೂ ಒಟ್ಟಿಗೆ ಓದಿದರೆ ತಿಳಿದುಬರುವುದೇನು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಮೊದಲು ನೆಲದ ಸ್ವಭಾವ. ಹಳೆಯ ಮೈಸೂರಿನ ಪೂರ್ವಭಾಗಗಳಲ್ಲಿ ವರ್ಷಪೂರ್ತಿ ಹರಿಯುವ ದೊಡ್ಡ ನದಿಗಳಿಲ್ಲ. ಮಳೆ ಸಾಧಾರಣ, ಅದೂ ಕೆಲವೇ ತಿಂಗಳುಗಳಲ್ಲಿ, ಕೆಲವೇ ಜೋರಾದ ಮಳೆಗಳಾಗಿ ಸುರಿದು ಹೋಗುತ್ತದೆ. ಕೆಂಪು ಮಣ್ಣಿನ ತೆಳುವಾದ ಪದರದ ಕೆಳಗೆ ಗಟ್ಟಿಯಾದ ಕಲ್ಲು. ಆದುದರಿಂದ ಬಿದ್ದ ನೀರೆಲ್ಲ ಇಂಗುವುದಿಲ್ಲ, ಇಳಿಜಾರಿನಲ್ಲಿ ಹರಿದುಹೋಗುತ್ತದೆ. ಆದರೆ ನೆಲ ಏರಿಳಿತಗಳಿಂದ ಕೂಡಿರುವುದರಿಂದ ಹಳ್ಳಕ್ಕೆ ಅಡ್ಡಲಾಗಿ ಒಂದು ಮಣ್ಣಿನ ಏರಿಯನ್ನು ಹಾಕಿದರೆ ಹರಿಯುವ ನೀರು ನಿಲ್ಲುತ್ತದೆ. ಒಂದು ಕೆರೆ ತುಂಬಿ ಕೋಡಿ ಹರಿದರೆ ಆ ನೀರು ಕೆಳಗಿನ ಕೆರೆಗೆ, ಅಲ್ಲಿಂದ ಅದರ ಕೆಳಗಿನದಕ್ಕೆ. ಹೀಗೆ ಒಂದು ಹಳ್ಳದ ಉದ್ದಕ್ಕೂ ಹತ್ತಾರು ಊರುಗಳು ಒಂದೇ ನೀರಿನ ಸಾಲಿನಲ್ಲಿ ಪೋಣಿಸಲ್ಪಟ್ಟಿವೆ. ಮೇಲಿನ ಊರಿನವರು ತಮ್ಮ ಕೋಡಿಯನ್ನು ಒಂದು ಮೊಳ ಎತ್ತರಿಸಿದರೆ ಕೆಳಗಿನ ಊರಿಗೆ ನೀರು ತಡವಾಗುತ್ತದೆ. ಮೇಲಿನ ಏರಿ ಒಡೆದರೆ ಕೆಳಗಿನದೂ ಉಳಿಯುವ ಭರವಸೆಯಿಲ್ಲ. ಕೋಡಿಯ ಜಗಳ ನಮ್ಮ ಗ್ರಾಮಚರಿತ್ರೆಯ ಒಂದು ನಿತ್ಯಾಂಶವಾಗಿರುವುದಕ್ಕೆ ಇದೇ ಕಾರಣ.

ಈ ವ್ಯವಸ್ಥೆಯ ಪ್ರಾಚೀನತೆಯನ್ನು ಕುರಿತು ಹೆಚ್ಚು ಹೇಳಬೇಕಾಗಿಲ್ಲ. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯ ಬಂಡೆಯ ಮೇಲೆ ಪ್ರಾಕೃತ ಭಾಷೆಯಲ್ಲಿರುವ ಕಿರುಶಾಸನವು ಕದಂಬ ಮಯೂರಶರ್ಮನು ಕೆರೆ ಕಟ್ಟಿಸಿದ ವಿಷಯವನ್ನು ತಿಳಿಸುತ್ತದೆ. ತಾಳಗುಂದದ ಸ್ತಂಭಶಾಸನವು ಕದಂಬರ ಏಳಿಗೆಯ ಕಥೆಗಾಗಿ ಪ್ರಸಿದ್ಧವಾಗಿದ್ದರೂ ಅದು ಹುಟ್ಟಿದ್ದು ಕಾಕುಸ್ಥವರ್ಮನು ಅಲ್ಲಿಯ ದೇವಾಲಯಕ್ಕಾಗಿ ತೋಡಿಸಿದ ಕೆರೆಯ ನೆನಪಿಗಾಗಿ ಎಂಬುದನ್ನು ನಾವು ಮರೆಯುತ್ತೇವೆ. ರಾಜವಂಶದ ಚರಿತ್ರೆಗೆ ಆಕರವಾಗಿ ಆ ಸ್ತಂಭವನ್ನು ಓದುವ ನಮಗೆ, ಅದನ್ನು ನಿಲ್ಲಿಸಿದವರಿಗೆ ಮುಖ್ಯವಾಗಿದ್ದುದು ನೀರು ಎಂಬುದು ಹೊಳೆಯುವುದೇ ಇಲ್ಲ. ಹೊಯ್ಸಳರ ರಾಜಧಾನಿಗೆ ದೋರಸಮುದ್ರವೆಂಬ ಹೆಸರು ಬಂದುದು ಕೆರೆಯಿಂದ. ಬೆಂಗಳೂರಿನ ಸುತ್ತಮುತ್ತ ‘ಸಂದ್ರ’ ಎಂದು ಕೊನೆಗೊಳ್ಳುವ ಊರುಗಳ ಹೆಸರಿನಲ್ಲಿ ಉಳಿದಿರುವುದೂ ‘ಸಮುದ್ರ’ ಶಬ್ದವೇ. ಕಡಲನ್ನು ಎಂದೂ ಕಾಣದ ರೈತನು ತನ್ನ ಊರಿನ ಕೆರೆಗೆ ಆ ಹೆಸರನ್ನಿಟ್ಟನು.

ಕೆರೆಯನ್ನು ಕಟ್ಟುವ ವಿದ್ಯೆಯ ವಿಷಯವಾಗಿ ನಮಗೆ ದೊರೆತಿರುವ ಅತ್ಯಮೂಲ್ಯ ದಾಖಲೆಯೆಂದರೆ ಶಕ ೧೨೯೧ನೆಯ, ಎಂದರೆ ಕ್ರಿ. ಶ. ೧೩೬೯ನೆಯ ವರ್ಷದ ಪೋರುಮಾಮಿಳ್ಳ ಶಾಸನ. ಈ ಊರು ಈಗ ಆಂಧ್ರಪ್ರದೇಶದ ಕಡಪ ಸೀಮೆಯಲ್ಲಿದೆ. ವಿಜಯನಗರದ ಒಂದನೆಯ ಬುಕ್ಕರಾಯನ ಮಗನಾದ ಭಾಸ್ಕರನು ಅಲ್ಲಿ ಅನಂತರಾಜಸಾಗರವೆಂಬ ಕೆರೆಯನ್ನು ಕಟ್ಟಿಸಿದನು. ಕೆಲಸ ಎರಡು ವರ್ಷ ನಡೆಯಿತೆಂದೂ, ದಿನವೂ ಒಂದು ಸಾವಿರ ಮಂದಿ ಆಳುಗಳು ದುಡಿದರೆಂದೂ, ಕಲ್ಲಿನ ಕಟ್ಟಡದ ಕೆಲಸಕ್ಕೆ ನೂರು ಬಂಡಿಗಳು ತೊಡಗಿದ್ದುವೆಂದೂ ಶಾಸನವು ಲೆಕ್ಕ ಕೊಡುತ್ತದೆ. ಅದಕ್ಕಿಂತ ಮುಖ್ಯವಾಗಿ, ಉತ್ತಮ ಕೆರೆಗೆ ಬೇಕಾದ ಹನ್ನೆರಡು ಸಾಧನಗಳನ್ನೂ ವರ್ಜಿಸಬೇಕಾದ ಆರು ದೋಷಗಳನ್ನೂ ಅದು ಎಣಿಸುತ್ತದೆ. ಧರ್ಮಿಷ್ಠನಾದ ಧನಿಕ ಪ್ರಭು, ಜಲಶಾಸ್ತ್ರವನ್ನು ಬಲ್ಲವನು, ಗಟ್ಟಿಯಾದ ಜೇಡಿ ನೆಲ, ದೂರದಿಂದ ಸಿಹಿನೀರನ್ನು ತರುವ ನದಿ, ಏರಿಯನ್ನು ತಾಗಿಸಬಹುದಾದ ಬೆಟ್ಟ, ಎರಡು ಬೆಟ್ಟಗಳ ನಡುವೆ ಹೆಚ್ಚು ಉದ್ದವಲ್ಲದ ಭದ್ರವಾದ ಕಲ್ಲಿನ ಕಟ್ಟೆ, ವಿಸ್ತಾರವೂ ಆಳವೂ ಆದ ಒಡಲು, ಹತ್ತಿರದಲ್ಲಿಯೇ ನೇರವಾದ ಉದ್ದಕಲ್ಲುಗಳು ದೊರೆಯುವ ಗಣಿ, ಸಮತಲವಾದ ಫಲವತ್ತಾದ ಹೊಲಗಳು, ನುರಿತ ಕೆಲಸಗಾರರು, ಇವು ಸಾಧನಗಳಲ್ಲಿ ಕೆಲವು. ಇಂದಿನ ಇಂಜಿನಿಯರನೂ ಈ ಪಟ್ಟಿಗೆ ಹೆಚ್ಚಾಗಿ ಆಕ್ಷೇಪಿಸಲಾರನು. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯನ್ನು, ಎಂದರೆ ಇಂದಿನ ಶಾಂತಿಸಾಗರವನ್ನು ನೋಡಿದವರಿಗೆ, ಎರಡು ಗುಡ್ಡಗಳ ನಡುವಣ ಇಕ್ಕಟ್ಟಿನಲ್ಲಿ ಕಿರಿದಾದ ಏರಿಯನ್ನು ಹಾಕಿ ಹಿರಿದಾದ ಜಲರಾಶಿಯನ್ನು ನಿಲ್ಲಿಸುವ ಈ ತತ್ತ್ವವು ಕಣ್ಣಿಗೆ ಕಟ್ಟುವಂತಿರುತ್ತದೆ.

ಆರು ದೋಷಗಳು ಇನ್ನೂ ಸ್ವಾರಸ್ಯವಾಗಿವೆ. ಏರಿಯಿಂದ ನೀರು ಜಿನುಗುವುದು, ಚೌಳು ನೆಲ, ಕೆರೆಯ ನಡುವೆ ದಿಣ್ಣೆಯಿರುವುದು, ನೀರು ಕಡಮೆಯಾಗಿ ಗದ್ದೆ ಹೆಚ್ಚಾಗಿರುವುದು, ನೀರು ಹೆಚ್ಚಾಗಿ ಗದ್ದೆ ಕಡಮೆಯಾಗಿರುವುದು, ಈ ಐದೂ ನೆಲಕ್ಕೂ ನೀರಿಗೂ ಸಂಬಂಧಿಸಿದುವು. ಇನ್ನೊಂದು, ಎರಡು ರಾಜ್ಯಗಳ ಗಡಿಯಲ್ಲಿ ಕೆರೆಯಿರುವುದು. ರಾಜಕೀಯ ಎಲ್ಲೆಯನ್ನು ಚೌಳು ಮಣ್ಣಿನೊಡನೆ ಒಂದೇ ಸಾಲಿನಲ್ಲಿ ಕೂರಿಸಿ ಎರಡನ್ನೂ ದೋಷವೆಂದು ಎಣಿಸಿದ ಆ ಹದಿನಾಲ್ಕನೆಯ ಶತಮಾನದ ಪಂಡಿತನ ಲೋಕಾನುಭವವನ್ನು ಮೆಚ್ಚದಿರಲಾಗುವುದಿಲ್ಲ. ಅಂತರರಾಜ್ಯ ಜಲವಿವಾದಗಳನ್ನು ಕಂಡ ನಮಗೆ ಅದರ ವಿವರಣೆ ಬೇಕಾಗಿಲ್ಲ.

ಆದರೆ ಈ ಪಟ್ಟಿಯಲ್ಲಿ ಇಲ್ಲದ ಒಂದು ವಿಷಯವುಂಟು. ಅದು ಹೂಳು. ಕೆರೆಯೆಂಬುದು ಕಟ್ಟಿದ ದಿನದಿಂದಲೇ ತುಂಬಲು ತೊಡಗುತ್ತದೆ, ನೀರಿನಿಂದ ಮಾತ್ರವಲ್ಲ, ನೀರು ಹೊತ್ತು ತರುವ ಮಣ್ಣಿನಿಂದ ಕೂಡ. ಮೇಲಿನ ಗುಡ್ಡದ ಗಿಡಗಂಟಿಗಳನ್ನು ಕಡಿದಷ್ಟೂ, ಇಳಿಜಾರನ್ನು ಉತ್ತಷ್ಟೂ ಈ ಮಣ್ಣು ಹೆಚ್ಚುತ್ತದೆ. ಹೂಳಿದ ಕೆರೆಯಲ್ಲಿ ಮೊದಲಿನಷ್ಟೇ ನೀರನ್ನು ನಿಲ್ಲಿಸಬೇಕಾದರೆ ಏರಿಯನ್ನು ಎತ್ತರಿಸಬೇಕು. ಎತ್ತರಿಸಿದರೆ ನೀರು ಆಳವಿಲ್ಲದೆ ಅಗಲವಾಗಿ ಹರಡಿ, ಬಿಸಿಲಿಗೆ ಬೇಗ ಆರುತ್ತದೆ. ಹಿನ್ನೀರು ಮೇಲಿನವರ ಹೊಲವನ್ನು ಮುಳುಗಿಸುತ್ತದೆ. ಪೋರುಮಾಮಿಳ್ಳದ ಶಾಸನಕಾರನಿಗೆ ಇದು ತಿಳಿಯದಿದ್ದಿತೆಂದು ಹೇಳುವುದು ಸರಿಯಲ್ಲ. ಅವನು ವರ್ಣಿಸಿದುದು ಕೆರೆಯ ನಿರ್ಮಾಣವನ್ನು. ಹೂಳು ಬರುವುದು ಆ ಮೇಲೆ. ನಿರ್ಮಾಣವು ಪ್ರಭುವಿನ ಕಾರ್ಯ, ಎರಡು ವರ್ಷದ್ದು. ರಕ್ಷಣೆಯು ಊರಿನ ಕಾರ್ಯ, ಅದಕ್ಕೆ ಮುಗಿವೆಂಬುದಿಲ್ಲ.

ಆ ಎರಡನೆಯ ಕಾರ್ಯದ ದಾಖಲೆಯನ್ನು ಹುಡುಕಬೇಕಾದುದು ಪ್ರಶಸ್ತಿಶಾಸನಗಳಲ್ಲಿ ಅಲ್ಲ. ಎಪಿಗ್ರಾಫಿಯ ಕರ್ಣಾಟಿಕದ ಸಂಪುಟಗಳಲ್ಲಿ ಹರಡಿಕೊಂಡಿರುವ, ವಿದ್ಯಾರ್ಥಿಗಳು ಸಾಮಾನ್ಯವಾಗಿ ದಾಟಿ ಮುಂದೆ ಹೋಗುವ ಸಣ್ಣ ದತ್ತಿಶಾಸನಗಳಲ್ಲಿ ಅದು ಸಿಕ್ಕುತ್ತದೆ. ಅವುಗಳಲ್ಲಿ ‘ಬಿತ್ತುವಟ್ಟ’ ಎಂಬ ಪದ ಬರುತ್ತದೆ: ಕೆರೆಯ ಕೆಳಗಣ ಭೂಮಿಯಲ್ಲಿ ಅಥವಾ ಅದರ ಬೆಳೆಯಲ್ಲಿ ಒಂದಂಶವನ್ನು ಕೆರೆಯ ಕಾಪಿಗಾಗಿಯೇ ಬಿಟ್ಟುದು. ‘ಕಟ್ಟುಕೊಡಗೆ’ ಎಂಬುದು ಕೆರೆಯನ್ನು ಕಟ್ಟಿದವನಿಗೆ ಅಥವಾ ಒಡೆದುದನ್ನು ದುರಸ್ತು ಮಾಡಿದವನಿಗೆ ಕೊಟ್ಟ ಮಾನ್ಯದ ಭೂಮಿ. ಕೆಲವೆಡೆ ಕೆರೆಯ ಬಂಡಿಗಾಗಿಯೇ ದತ್ತಿಯುಂಟು. ಮಣ್ಣನ್ನು ಹೊತ್ತು ಏರಿಗೆ ಹಾಕಲು ಬಂಡಿಯೂ ಅದನ್ನು ಎಳೆಯುವ ಕೋಣಗಳೂ ನಿರಂತರವಾಗಿ ನಡೆಯುವಂತೆ ಮಾಡಿದ ಏರ್ಪಾಡು ಅದು. ಈ ಪದಗಳ ಹಿಂದಿರುವ ಆಲೋಚನೆಯನ್ನು ಗಮನಿಸಬೇಕು. ಕೆರೆಯಿಂದ ಬೆಳೆದುದರಲ್ಲಿ ಒಂದು ಪಾಲು ಕೆರೆಗೆ ಸಲ್ಲತಕ್ಕದ್ದು. ಅರಸನ ಪಾಲು, ದೇವರ ಪಾಲುಗಳಿರುವಂತೆ ಕೆರೆಯ ಪಾಲೂ ಒಂದಿದೆ. ಇದಲ್ಲದೆ ಬೇಸಗೆಯಲ್ಲಿ ಬತ್ತಿದ ಕೆರೆಯ ಗೋಡನ್ನು ರೈತರು ತಾವಾಗಿಯೇ ತೋಡಿ ಹೊಲಗಳಿಗೆ ಹೊತ್ತು ಹಾಕುತ್ತಿದ್ದರು. ಗುಡ್ಡದಿಂದ ಕೊಚ್ಚಿಬಂದ ಮಣ್ಣು ಹೀಗೆ ಹೊಲಕ್ಕೆ ಗೊಬ್ಬರವಾಗಿ ಹಿಂತಿರುಗುತ್ತಿದ್ದಿತು.

ಕೆಲವು ವರ್ಷಗಳ ಹಿಂದೆ ನಾನು ವಿದ್ಯಾರ್ಥಿಗಳೊಡನೆ ಒಂದು ಊರಿನ ಏರಿಯ ಮೇಲಿದ್ದ ಶಾಸನವನ್ನು ನೋಡಲು ಹೋಗಿದ್ದೆನು. ಕಲ್ಲಿನ ಕೆಳಭಾಗ ಮಣ್ಣಿನಲ್ಲಿ ಹುಗಿದುಹೋಗಿದ್ದಿತು. ಅಚ್ಚಾದ ಪಾಠ ನಮ್ಮ ಕೈಯಲ್ಲಿದ್ದುದರಿಂದ ಅಗೆದು ನೋಡುವ ಅವಶ್ಯಕತೆ ಇರಲಿಲ್ಲ; ಆದರೂ ಒಬ್ಬ ವಿದ್ಯಾರ್ಥಿನಿ, ಕಲ್ಲನ್ನು ನೆಟ್ಟಾಗ ನೆಲ ಎಲ್ಲಿದ್ದಿತು, ಈಗ ಎಲ್ಲಿದೆ ಎಂಬುದನ್ನು ಅಳೆಯಬಹುದಲ್ಲವೇ ಎಂದು ಕೇಳಿದಳು. ಅಲ್ಲಿಯ ಕಲ್ಲು ಸ್ಥಳಾಂತರಗೊಂಡಿರಬಹುದಾದುದರಿಂದ ಆ ಅಳತೆ ನಿಷ್ಪ್ರಯೋಜಕವಾಗಿದ್ದಿತು. ಆದರೆ ಆ ಪ್ರಶ್ನೆಯಲ್ಲಿ ನಾನು ಹತ್ತು ವರ್ಷ ಬೋಧಿಸಿಯೂ ಯೋಚಿಸದಿದ್ದ ಒಂದು ದೃಷ್ಟಿಯಿದ್ದಿತೆಂದು ಒಪ್ಪಿಕೊಳ್ಳಬೇಕು. ಶಾಸನದ ಪಾಠವನ್ನಷ್ಟೇ ಅಲ್ಲ, ಅದು ನಿಂತ ನೆಲವನ್ನೂ ಓದಬೇಕಾಗುತ್ತದೆ.

ಇನ್ನು ಐತಿಹ್ಯಗಳ ವಿಚಾರ. ‘ಕೆರೆಗೆ ಹಾರ’ ಎಂಬ ಜನಪದ ಕಥನಗೀತವನ್ನು ಅರಿಯದ ಕನ್ನಡಿಗರು ವಿರಳ. ಗೌಡನು ಕೆರೆಯನ್ನು ಕಟ್ಟಿಸುತ್ತಾನೆ, ನೀರು ಬರುವುದಿಲ್ಲ. ಕಿರಿಯ ಸೊಸೆ ಭಾಗೀರಥಿಯನ್ನು ಬಲಿಕೊಡಬೇಕೆಂದು ನಿರ್ಣಯವಾಗುತ್ತದೆ. ದಂಡಿಗೆ ಹೋಗಿದ್ದ ಗಂಡ ಹಿಂತಿರುಗಿ ಬಂದು ಅದೇ ಕೆರೆಗೆ ಹಾರುತ್ತಾನೆ. ಇದನ್ನು ಬಹುಕಾಲ ತ್ಯಾಗದ ಕಥೆಯೆಂದೇ ಪಾಠ ಹೇಳಲಾಯಿತು. ಈಚಿನ ವಿಮರ್ಶಕರು ಇದನ್ನು ಹೆಣ್ಣಿನ ಮೇಲಣ ಹಿಂಸೆಯ ಕಥೆಯಾಗಿ ಓದಿದ್ದಾರೆ. ಅದು ಸರಿಯಾದ ಓದು. ಇತಿಹಾಸದ ವಿದ್ಯಾರ್ಥಿಯು ಇದಕ್ಕೆ ಇನ್ನೊಂದು ಅಂಶವನ್ನು ಸೇರಿಸಬಹುದು. ಇಲ್ಲಿಯ ಭಯ ಏರಿ ಒಡೆಯುವ ಭಯವಲ್ಲ, ಕಟ್ಟಿದ ಕೆರೆಗೆ ನೀರೇ ಬಾರದಿರುವ ಭಯ. ಮಳೆಯ ನಂಬಿಕೆಯಿಲ್ಲದ ನೆಲದ ಕಥೆಯಿದು.

ಇದಕ್ಕೆ ಪ್ರತಿಯಾಗಿ ವಿಜಯನಗರಕ್ಕೆ ೧೫೨೦ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸನು ಬರೆದಿಟ್ಟಿರುವ ವೃತ್ತಾಂತದಲ್ಲಿ ಎರಡನೆಯ ಬಗೆಯ ಭಯ ಕಾಣುತ್ತದೆ. ಕೃಷ್ಣದೇವರಾಯನು ಕಟ್ಟಿಸುತ್ತಿದ್ದ ದೊಡ್ಡ ಕೆರೆಯ ಬಳಿ ಹದಿನೈದು ಇಪ್ಪತ್ತು ಸಾವಿರ ಮಂದಿ ಇರುವೆಗಳ ಹಾಗೆ ದುಡಿಯುತ್ತಿದ್ದುದನ್ನು ಅವನು ಕಂಡನು. ಏರಿ ಎರಡು ಮೂರು ಬಾರಿ ಒಡೆಯಿತೆಂದೂ, ದೈವದ ಅಪೇಕ್ಷೆಯೆಂದು ಪುರೋಹಿತರು ಹೇಳಿದ ಮೇಲೆ ಅರುವತ್ತು ಮಂದಿ ಮನುಷ್ಯರನ್ನೂ, ಕುದುರೆ ಕೋಣಗಳನ್ನೂ ಬಲಿಕೊಡಲಾಯಿತೆಂದೂ ಅವನು ಹೇಳುತ್ತಾನೆ. ಅನಂತರ ಬಂದ ನೂನಿಜನ ಪ್ರಕಾರ ಶಿರಚ್ಛೇದಕ್ಕೊಳಗಾದವರು ಮರಣದಂಡನೆಗೆ ಅರ್ಹರಾಗಿದ್ದ ಸೆರೆಯಾಳುಗಳು; ಕೆಲಸದಲ್ಲಿ ಜೋವಾವ್ ದೆಲ್ಲ ಪೊಂತೆ ಎಂಬ ಪೋರ್ಚುಗೀಸ್ ಕಲ್ಲುಕೆಲಸಗಾರನ ಸಲಹೆಯನ್ನೂ ಕೇಳಲಾಗಿದ್ದಿತು. ಈ ಕೆರೆಯನ್ನು ಹೊಸಪೇಟೆಯ ಬಳಿಯ ರಾಯಕೆರೆಯೆಂದು ವಿದ್ವಾಂಸರು ಸಾಮಾನ್ಯವಾಗಿ ಗುರುತಿಸುತ್ತಾರೆ. ವಿದೇಶೀಯರ ಬರೆಹದಲ್ಲಿ ಉತ್ಪ್ರೇಕ್ಷೆ ಇದ್ದೀತು. ಆದರೆ ಗೀತದಲ್ಲಿ ಬರುವ ಬಲಿಯ ಮಾತನ್ನು ಬರಿಯ ಕವಿಕಲ್ಪನೆಯೆಂದು ತಳ್ಳಿಹಾಕುವವರು ಈ ಎರಡು ವೃತ್ತಾಂತಗಳನ್ನು ಎದುರಿಗಿಟ್ಟುಕೊಂಡು ಮಾತನಾಡಬೇಕಾಗುತ್ತದೆ.

ಮೂರನೆಯ ಬಗೆಯ ಐತಿಹ್ಯವೊಂದು ನಮ್ಮ ಕೆಲವು ಕೆರೆಗಳ ಸುತ್ತ ಕೇಳಿಬರುತ್ತದೆ. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಅರ್ಥಪೂರ್ಣವಾದುದು ಇದೇ. ಮಳೆಗಾಲದ ರಾತ್ರಿ, ಕೆರೆ ತುಂಬಿ ತುಳುಕುತ್ತಿದೆ. ಕಾವಲಿದ್ದ ನೀರುಗಂಟಿಗೆ ಗಂಗಮ್ಮ ಕಾಣಿಸಿಕೊಂಡು ತಾನು ಏರಿಯನ್ನು ಒಡೆದು ಹೊರಡುವೆನೆನ್ನುತ್ತಾಳೆ. ದೊರೆಗೆ ತಿಳಿಸಿ ಬರುವವರೆಗೆ ತಡೆಯಬೇಕೆಂದು ಅವನು ಬೇಡಿಕೊಳ್ಳುತ್ತಾನೆ; ಅವಳು ಮಾತು ಕೊಡುತ್ತಾಳೆ. ಸುದ್ದಿಯನ್ನು ಕೇಳಿದ ದೊರೆ, ನೀರುಗಂಟಿ ಹಿಂತಿರುಗದಿದ್ದರೆ ಕೆರೆ ಒಡೆಯುವುದಿಲ್ಲವೆಂದು ಲೆಕ್ಕಹಾಕಿ ಅವನನ್ನು ಅಲ್ಲಿಯೇ ಕೊಲ್ಲಿಸುತ್ತಾನೆ. ಗಂಗಮ್ಮ ಇನ್ನೂ ಕಾಯುತ್ತಿದ್ದಾಳೆ.

ಈ ಕಥೆಯಲ್ಲಿ ನೀರಿನ ಮಾತನ್ನು ಮೊದಲು ಕೇಳುವವನು ದೊರೆಯಲ್ಲ, ಪುರೋಹಿತನಲ್ಲ, ನೀರುಗಂಟಿ. ತೂಬನ್ನು ಎತ್ತಿ ಇಳಿಸುವವನೂ, ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿಯಂತೆ ನೀರು ಬಿಡುವವನೂ, ಏರಿಯಲ್ಲಿ ಹೆಗ್ಗಣ ತೋಡಿದ ಬಿಲವನ್ನು ಮೊದಲು ಕಾಣುವವನೂ ಅವನೇ. ಹಲವೆಡೆ ಆತನು ಊರೊಳಗಣ ಬಾವಿಯ ನೀರನ್ನು ಮುಟ್ಟಲು ಅವಕಾಶವಿಲ್ಲದ ಜಾತಿಗೆ ಸೇರಿದವನಾಗಿದ್ದನು. ಊರಿನವರೆಲ್ಲರ ಗದ್ದೆಯ ನೀರು ಅವನ ಕೈಯಲ್ಲಿ. ಅವನಿಗೆ ಸಲ್ಲುತ್ತಿದ್ದುದು ಸುಗ್ಗಿಯಲ್ಲಿ ಒಂದಿಷ್ಟು ಧಾನ್ಯ. ಆದುದರಿಂದ ಹಿಂದಿನ ಕಾಲದ ಕೆರೆಯ ವ್ಯವಸ್ಥೆಯನ್ನು ಸಾಮರಸ್ಯದ ಸ್ವರ್ಣಯುಗವೆಂದು ವರ್ಣಿಸುವ ಈಚಿನ ಕೆಲವು ಬರೆಹಗಳನ್ನು ನಾನು ಸಂಶಯದಿಂದಲೇ ಓದುತ್ತೇನೆ. ಶಾಸನಗಳು ಕೆರೆಯ ಪಾಲನ್ನು ಹೇಳುತ್ತವೆ. ಆ ಪಾಲನ್ನು ಉಳಿಸಲು ಯಾರು ಎಷ್ಟು ತೆತ್ತರೆಂಬುದನ್ನು ಹೇಳುವುದು ಐತಿಹ್ಯ.

ಹತ್ತೊಂಬತ್ತನೆಯ ಶತಮಾನಕ್ಕೆ ಬಂದರೆ ಆಕರಗಳ ಸ್ವರೂಪವೇ ಬದಲಾಗುತ್ತದೆ. ಟೀಪೂ ಸುಲ್ತಾನನ ಪತನವಾದ ಮರುವರ್ಷ, ಎಂದರೆ ೧೮೦೦ರಲ್ಲಿ, ಫ್ರಾನ್ಸಿಸ್ ಬುಕಾನನ್ನನು ಮೈಸೂರು ಸೀಮೆಯಲ್ಲಿ ಸಂಚಾರ ಆರಂಭಿಸಿ ಕೆರೆ, ಬೆಳೆ, ಕಾಲುವೆಗಳನ್ನು ಊರೂರಿಗೂ ವಿಚಾರಿಸಿದನು. ಅವನ ಗ್ರಂಥ ೧೮೦೭ರಲ್ಲಿ ಪ್ರಕಟವಾಯಿತು. ಮೈಸೂರಿನಲ್ಲಿ ಲೋಕೋಪಯೋಗಿ ಇಲಾಖೆ ಸ್ಥಾಪನೆಯಾದುದು ೧೮೫೬ರಲ್ಲಿ. ಮುಂದಿನ ದಶಕದಲ್ಲಿ ಅದರ ಮುಖ್ಯ ಇಂಜಿನಿಯರನಾಗಿದ್ದ ಸ್ಯಾಂಕಿಯು, ಸಂಸ್ಥಾನದ ಸುಮಾರು ೨೭ ಸಾವಿರ ಚದರ ಮೈಲಿಗಳಲ್ಲಿ ನೂರಕ್ಕೆ ಅರುವತ್ತರಷ್ಟು ಪ್ರದೇಶ ಕೆರೆಗಳ ವ್ಯವಸ್ಥೆಗೆ ಒಳಪಟ್ಟಿದೆಯೆಂದೂ, ಹೊಸ ಕೆರೆಗೆ ತಕ್ಕ ಜಾಗವನ್ನು ಹುಡುಕುವುದೇ ಕಷ್ಟವೆಂದೂ ಅಭಿಪ್ರಾಯಪಟ್ಟನು. ಈ ಮಾತಿನ ಅರ್ಥವನ್ನು ಮನದಟ್ಟು ಮಾಡಿಕೊಳ್ಳಬೇಕು. ನಾವು ‘ಪ್ರಕೃತಿ’ಯೆಂದು ಭಾವಿಸುವ ಈ ಬಯಲಿನ ರೂಪ ಬಹುಮಟ್ಟಿಗೆ ಮನುಷ್ಯರ ಕೈಯಿಂದ ಆದುದು.

ಹೊಸ ಇಲಾಖೆಯು ಏರಿ, ತೂಬು, ಕೋಡಿಗಳನ್ನು ನಕ್ಷೆಯಲ್ಲಿ ಬರೆದು ದುರಸ್ತು ಮಾಡಿಸಿತು. ಆ ಕೆಲಸದ ಮಹತ್ತ್ವವನ್ನು ಅಲ್ಲಗಳೆಯುವಂತಿಲ್ಲ. ಆದರೆ ಅದರ ದೃಷ್ಟಿಯಲ್ಲಿ ಕೆರೆಯೊಂದು ಕಟ್ಟಡ. ಹೂಳನ್ನು ತೆಗೆಯುವುದಾಗಲಿ ಏರಿಗೆ ವರ್ಷವರ್ಷವೂ ಮಣ್ಣು ಹಾಕುವುದಾಗಲಿ ರೈತರ ಕರ್ತವ್ಯವೆಂದು ಬಿಡಲಾಯಿತು. ಆ ಕರ್ತವ್ಯಕ್ಕೆ ಆಧಾರವಾಗಿದ್ದ ಭೂಮಿಯ ಪಾಲು, ಮಾನ್ಯ, ಮಿರಾಸು ಹಕ್ಕುಗಳು ಮಾತ್ರ ಕಂದಾಯದ ಹೊಸ ಲೆಕ್ಕಾಚಾರದಲ್ಲಿ ಸಡಿಲಗೊಳ್ಳುತ್ತ ಹೋದುವು. ೧೮೭೬ರಿಂದ ೧೮೭೮ರವರೆಗಿನ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನ ಅನುಭವಿಸಿದ ಸಂಕಟವನ್ನು ಎರಡು ಅಂಕಿಗಳು ಹೇಳುತ್ತವೆ: ೧೮೭೧ರ ಜನಗಣತಿಯಲ್ಲಿ ೫೦,೫೫,೪೧೨ ಜನ, ೧೮೮೧ರಲ್ಲಿ ೪೧,೮೬,೧೮೮. ಮಳೆ ಸಾಲುಸಾಲಾಗಿ ತಪ್ಪಿದಾಗ ಯಾವ ಕೆರೆಯೂ ಕಾಪಾಡಲಾರದು ಎಂಬುದು ನಿಜ. ಆದರೆ ಏರಿಯ ಕೆಲಸ ಬಲ್ಲ ಎಷ್ಟು ಮನೆತನಗಳು ಆ ಹತ್ತು ವರ್ಷಗಳಲ್ಲಿ ಅಳಿದುಹೋದುವೆಂಬ ಪ್ರಶ್ನೆಯನ್ನು ಕ್ಷಾಮದ ಚರಿತ್ರೆಕಾರರು ಎತ್ತಬೇಕಾಗಿತ್ತು. ೧೯೧೧ರಲ್ಲಿ ಕೆರೆ ಪಂಚಾಯಿತಿಗಳ ಕಾಯಿದೆಯನ್ನು ತಂದು ಸರ್ಕಾರವು ಗ್ರಾಮಸ್ಥರ ಹೊಣೆಯನ್ನು ಮತ್ತೆ ಎತ್ತಿನಿಲ್ಲಿಸಲು ಯತ್ನಿಸಿತು. ಹೊಣೆ ಕುಸಿದಿದ್ದುದಕ್ಕೆ ಆ ಕಾಯಿದೆಯೇ ಸಾಕ್ಷಿ.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದ ಕಥೆ ಎಲ್ಲರ ಕಣ್ಣಮುಂದೆಯೇ ನಡೆದುದಾದ್ದರಿಂದ ವಿಸ್ತರಿಸುವುದಿಲ್ಲ. ಬೆಂಗಳೂರಿನ ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. ಹಳ್ಳಿಗಳಲ್ಲಿ ಕೊಳವೆಬಾವಿ ಬಂದಿತು. ತನ್ನ ಹೊಲದಲ್ಲಿಯೇ ತನ್ನ ನೀರು ದೊರೆತ ರೈತನಿಗೆ ನೀರುಗಂಟಿಯ ಸರದಿಗೆ ಕಾಯುವ ಅಗತ್ಯವಿರಲಿಲ್ಲ. ಬೇಸಗೆಯಲ್ಲಿ ಗೋಡು ಹೊರುವ ಅಗತ್ಯವೂ ಇರಲಿಲ್ಲ. ಅವನನ್ನು ದೂಷಿಸುವುದು ಸುಲಭ. ಆದರೆ ಸರದಿಯಲ್ಲಿ ಯಾವಾಗಲೂ ಕೊನೆಯವನಾಗಿದ್ದವನಿಗೆ ಕೊಳವೆಬಾವಿ ಒಂದು ಬಿಡುಗಡೆಯಾಗಿಯೂ ಕಂಡಿರಬೇಕು. ಕೋಲಾರ ಜಿಲ್ಲೆಯಲ್ಲಿ ಅಂತರ್ಜಲ ಬಹು ಆಳಕ್ಕೆ ಇಳಿದ ಮೇಲೆ, ೨೦೧೮ರಿಂದ ಬೆಂಗಳೂರಿನ ಕೋರಮಂಗಲ ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಸಂಸ್ಕರಿಸಿ ಅಲ್ಲಿಯ ಕೆರೆಗಳಿಗೆ ಹರಿಸಲಾಗುತ್ತಿದೆ. ಆ ನೀರನ್ನು ನೇರವಾಗಿ ಗದ್ದೆಗೆ ಬಿಡುವುದು ಯೋಜನೆಯ ಉದ್ದೇಶವಲ್ಲ. ಅದು ನೆಲಕ್ಕೆ ಇಂಗಬೇಕು. ಕೆರೆಯಲ್ಲಿ ನೀರಿರುತ್ತದೆ, ತೂಬಿಗೆ ಕೆಲಸವಿರುವುದಿಲ್ಲ. ಕೆರೆಗೂ ಊರಿಗೂ ಇದ್ದ ಹಳೆಯ ಸಂಬಂಧದಲ್ಲಿ ಇಂಥ ಸ್ಥಿತಿ ಹಿಂದೆ ಎಂದೂ ಇರಲಿಲ್ಲ. ಇದರ ಚರಿತ್ರೆಯನ್ನು ಬರೆಯುವವರಿಗೆ ಶಾಸನ ಸಿಕ್ಕುವುದಿಲ್ಲ, ಕಡತಗಳು ಸಿಕ್ಕುತ್ತವೆ.

ಕಡತಗಳಲ್ಲಿ ಇಲ್ಲದುದನ್ನು ಈಗಲೇ ಸಂಗ್ರಹಿಸಬೇಕಾಗಿದೆ. ವಿದ್ಯಾರ್ಥಿಗಳು ರಜೆಯಲ್ಲಿ ತಮ್ಮ ಊರುಗಳಿಗೆ ಹೋದಾಗ ಕೇಳಬಹುದಾದ ಪ್ರಶ್ನೆಗಳು ಬಹಳ ಸರಳವಾದುವು. ಕಡೆಯ ನೀರುಗಂಟಿ ಯಾರು, ಅವನಿಗೆ ಸಲ್ಲುತ್ತಿದ್ದ ಧಾನ್ಯ ಎಷ್ಟು, ಅದು ನಿಂತುದು ಯಾವ ವರ್ಷ? ಗೋಡು ಹೊಡೆದುದನ್ನು ಕಂಡವರು ಇದ್ದಾರೆಯೇ? ಕೆರೆ ಕೋಡಿ ಬಿದ್ದ ವರ್ಷಗಳನ್ನು ಯಾವ ಘಟನೆಯೊಡನೆ, ಯಾರ ಮದುವೆಯೊಡನೆ, ಯಾವ ಚುನಾವಣೆಯೊಡನೆ ನೆನಪಿಟ್ಟಿದ್ದಾರೆ? ಗಂಗಮ್ಮನ ಪೂಜೆ ಏರಿಯ ಯಾವ ಭಾಗದಲ್ಲಿ ನಡೆಯುತ್ತಿದ್ದಿತು, ಅದರಲ್ಲಿ ಯಾರಿಗೆ ಪ್ರವೇಶವಿರಲಿಲ್ಲ? ಉತ್ತರಗಳನ್ನು ಹೇಳಿದವರ ಮಾತಿನಲ್ಲಿಯೇ, ಊರು ಮತ್ತು ದಿನಾಂಕಗಳೊಡನೆ, ಬರೆದಿಟ್ಟುಕೊಳ್ಳಬೇಕು. ಆ ಊರಿನ ಶಾಸನಗಳು ಎಪಿಗ್ರಾಫಿಯ ಕರ್ಣಾಟಿಕದಲ್ಲಿ ತಾಲ್ಲೂಕುವಾರಾಗಿ ಅಚ್ಚಾಗಿರುವುದರಿಂದ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವುದು ಕಷ್ಟವಲ್ಲ.